ಹೊಳೆ ಇಲ್ಲದ ದೇಶಕ್ಕೆ ಲೈಸೆನ್ಸು

“ಅಲ್ರೀ ಅಕ್ಕೋರ, ಒಬ್ಬ ಮನಷ್ಯಾ ಒಂದ ದಿನ ಎರಡ ಊರಾಗ ಹೆಂಗ ಇರ್ತಾನ?”

ಯುನೂಸ ಹೀಗೆ ಕೇಳಿದಾಗ ವಿಜಯಲಕ್ಷ್ಮಿಗೆ ಮೊದಲು ನಗು ಬಂತು. ಇಂಡಿ ಪಟ್ಟಣದ ಬಜಾರದಲ್ಲಿ ನಿಂಬೆಹಣ್ಣಿನ ಅಡತಿ ಅಂಗಡಿಯ ಮೇಲೆ ಅವನದೊಂದು ಕೋಣೆ. ದುಬೈಗೆ ಹೋಗುವವರ ಕಾಗದಪತ್ರಗಳಿಗೆ ಎಲ್ಲೆಲ್ಲಿಯ ಠಸ್ಸೆ ಬೇಕೋ ಅಲ್ಲಲ್ಲಿಯ ಠಸ್ಸೆ ಹಾಕಿಸಿ ಕೊಡುವುದು ಅವನ ಉದ್ಯೋಗ. ದುಬೈ ಎಂದರೆ ದುಬೈಯೇ ಆಗಬೇಕೆಂದಿಲ್ಲ. ನಮ್ಮ ಕಡೆ ಅರಬರ ದೇಶವೆಲ್ಲ ದುಬೈಯೇ. ಡ್ರೈವರುಗಳು, ವೈರಿಂಗ್ ಮಾಡುವವರು, ಒಬ್ಬಿಬ್ಬರು ನರ್ಸುಗಳು ಅವನ ಕೈಯಿಂದ ದಾಟಿಹೋಗಿದ್ದರು. ಇಂಗ್ಲಿಷ್ ಕಲಿಸುವ ಮಾಸ್ತರಿಣಿ ಬಂದದ್ದು ಇದೇ ಮೊದಲು. ಅದಕ್ಕೇ ಅವನು ಎಲ್ಲ ಕಾಗದವನ್ನೂ ಎರಡೆರಡು ಸಲ ಓದಿದ್ದ. ಓದಬಾರದಿತ್ತು ಎಂದು ಆಮೇಲೆ ಅವನಿಗೂ ಅನಿಸಿರಬೇಕು.

ಅವನು ಎರಡು ಕಾಗದಗಳನ್ನು ಪಕ್ಕಪಕ್ಕ ಇಟ್ಟ. “ಇದ್ರಾಗ ನೀವು ಸಿಂದಗ್ಯಾಗ ಪಾಠಾ ಮಾಡಾಕತ್ತೀರಿ. ಇದ್ರಾಗ ನೀವು ಬಾಗೇವಾಡ್ಯಾಗ ಪಾಠಾ ಕೇಳಾಕತ್ತೀರಿ. ವರ್ಷಾನೂ ಒಂದ, ತಿಂಗಳಾನೂ ಒಂದ.”

“ನಮ್ಮ ಕಡೆ ಎಲ್ಲಾರೂ ಹಂಗ ಮಾಡ್ತಾರಲ್ರಿ.”

“ನನಗ ಗೊತ್ತೈತ್ರಿ. ನನ್ನ ಹೇಣ್ತಿನೂ ಹಂಗ ಮಾಡ್ಯಾಳ. ಆದ್ರ ಅಲ್ಲಿ ಕುಂತಾನಲ್ಲ ಆಫೀಸರ್, ಅವಂಗ ಗೊತ್ತಿಲ್ಲ. ಅವಾ ಎರಡೂ ಕಡೆ ಫೋನ್ ಹಚ್ಚಿ ಕೇಳ್ತಾನ. ಕೇಳಿದ್ ಮ್ಯಾಲೆ ಎರಡೂ ಸುಳ್ಳು ಅಂತಾನ.”

ಎಲ್ಲರೂ ಹಾಗೆ ಮಾಡುತ್ತಾರೆ ಎಂಬ ಮಾತು ಮಾತ್ರ ಸುಳ್ಳಲ್ಲ. ನಮ್ಮ ಕಡೆ ಬಿ.ಎಡ್. ಮಾಡುವುದಕ್ಕೆ ಎರಡು ದಾರಿಗಳಿವೆ. ದಿನಾ ಕಾಲೇಜಿಗೆ ಹೋಗುವುದು ಒಂದು. ಇದನ್ನು ಮದುವೆ ಗೊತ್ತಾಗದ ಹುಡುಗಿಯರು ಮಾಡುತ್ತಾರೆ. ಇನ್ನೊಂದರ ಹೆಸರು ನಾನ್ ಅಟೆಂಡಿಂಗ್. ಹೆಸರು ಹಚ್ಚಿ, ಪರೀಕ್ಷೆಗೂ ಒಂದಿಷ್ಟು ಪಾಠಪ್ರಯೋಗಕ್ಕೂ ಮುಖ ತೋರಿಸಿದರೆ ಸಾಕು. ಮಿಕ್ಕ ದಿನಗಳಲ್ಲಿ ನೀವು ಹೊಲದಲ್ಲಿರಿ, ಅಡುಗೆಮನೆಯಲ್ಲಿರಿ, ಇನ್ನೊಂದು ಶಾಲೆಯಲ್ಲಿ ಪಾಠ ಮಾಡುತ್ತಿರಿ, ಹಾಜರಿ ಪುಸ್ತಕದಲ್ಲಿ ನೀವು ಮಾತ್ರ ತಪ್ಪದೆ ಬೆಂಚಿನ ಮೇಲೆ ಕುಳಿತಿರುತ್ತೀರಿ. ಇದನ್ನು ಯಾರೂ ಮೋಸ ಎಂದು ಕರೆಯುವುದಿಲ್ಲ. ಬೀಗರ ಮುಂದೆ ಕೂಡ ರಾಜಾರೋಷವಾಗಿ ಹೇಳುತ್ತಾರೆ, ನಮ್ಮ ಹುಡುಗಿ ನಾನ್ ಅಟೆಂಡಿಂಗ್ ಬಿ.ಎಡ್. ಮಾಡಾಕತ್ತಾಳ್ರಿ ಎಂದು. ವಿಜಯಲಕ್ಷ್ಮಿ ಸಿಂದಗಿಯ ಖಾಸಗಿ ಇಂಗ್ಲಿಷ್ ಶಾಲೆಯಲ್ಲಿ ಪಾಠ ಮಾಡುತ್ತಲೇ ಬಾಗೇವಾಡಿಯ ಒಂದು ಕಾಲೇಜಿನಲ್ಲಿ ಹೀಗೆ ಎರಡು ವರ್ಷ ಕುಳಿತಿದ್ದಳು.

ಈಗ ಆ ಎರಡು ವರ್ಷಗಳೇ ಗಂಟಲಲ್ಲಿ ಸಿಕ್ಕಿಕೊಂಡವು. ಅರಬರ ದೇಶದಲ್ಲಿ ಇಂಗ್ಲಿಷ್ ಕಲಿಸಲು ಇಂಗ್ಲಿಷ್ ಬಂದರೆ ಸಾಲದು. ಇಂಗ್ಲಿಷಿನ ಪದವಿ ಬೇಕು, ದಿನಾ ಕೂತು ಕಲಿತ ಬಿ.ಎಡ್. ಬೇಕು, ಅದಾದ ಮೇಲಿನ ಅನುಭವ ಬೇಕು, ಪೊಲೀಸರು ಇವಳ ಮೇಲೆ ಏನೂ ಇಲ್ಲ ಎಂದು ಬರೆದುಕೊಟ್ಟ ಪತ್ರ ಬೇಕು. ಪ್ರತಿಯೊಂದಕ್ಕೂ ಯೂನಿವರ್ಸಿಟಿಯಿಂದ ಹಿಡಿದು ದಿಲ್ಲಿಯವರೆಗೆ ಠಸ್ಸೆ ಬೀಳಬೇಕು. ಇಷ್ಟಾದ ಮೇಲೆ ಅಲ್ಲಿಯ ಶಿಕ್ಷಣ ಇಲಾಖೆ ಲೈಸೆನ್ಸು ಕೊಟ್ಟರೆ ಕೊಟ್ಟಿತು. ಅಲ್ಲಿಗೆ ಮೊದಲೇ ಹೋಗಿದ್ದ ಅವಳ ಹಳೆಯ ಜೊತೆಗಾತಿ ಮೆಹನಾಜ ಫೋನಿನಲ್ಲಿ ಸಾರಿ ಸಾರಿ ಹೇಳಿದ್ದಳು: “ನಿನಗ ಇಂಗ್ಲಿಷ್ ಎಷ್ಟ್ ಬರ್ತೈತಿ ಅಂತ ಇಲ್ಲಿ ಯಾರೂ ಕೇಳೂದಿಲ್ಲ ನೋಡವಾ. ಲೈಸೆನ್ಸ್ ಐತೇನ ಅಂತ ಕೇಳ್ತಾರ. ಲಾರಿ ಹೊಡಿಯೂರ್ನ ಕೇಳಿದಂಗ.”

ಮೆಹನಾಜಳದೇ ಶಾಲೆಯಲ್ಲಿ ಜಾಗ ಖಾಲಿ ಇತ್ತು. ವಿಜಯಲಕ್ಷ್ಮಿ ತಾನು ತರಗತಿ ತೆಗೆದುಕೊಳ್ಳುವುದನ್ನು ವಿಡಿಯೊ ಮಾಡಿ ಕಳಿಸಿದ್ದಳು. ಅಲ್ಲಿಯ ಪ್ರಿನ್ಸಿಪಾಲರು ನೋಡಿ ಮೆಚ್ಚಿ, ಲೈಸೆನ್ಸ್ ಬಂದರೆ ಕೆಲಸ ನಿಮ್ಮದೇ ಎಂದು ಬರೆದಿದ್ದರು. ಗಂಡ ಅಮಿತ ಸಿಂದಗಿಯ ತಹಸೀಲ್ ಕಚೇರಿ ಎದುರು ಝೆರಾಕ್ಸ್ ಅಂಗಡಿ ಇಟ್ಟವನು. ಅವನು ಆ ಪತ್ರದ ಹತ್ತಾರು ಪ್ರತಿ ತೆಗೆದು ಇಟ್ಟಿದ್ದ, ಊರಿನವರ ಕಾಗದ ತೆಗೆದು ತೆಗೆದು ಸಾಕಾಗಿದೆ, ನಮ್ಮದೂ ಒಂದು ಇರಲಿ ಎಂದು. ಹೆಂಡತಿಯ ಬೆನ್ನಿಗೆ ತಾನೂ ವಿಮಾನ ಹತ್ತುವುದು ಖಾತ್ರಿ ಎಂಬಂತೆ ಅಂಗಡಿಗೆ ಗಿರಾಕಿಯನ್ನೂ ಹುಡುಕತೊಡಗಿದ್ದ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವ ಜಾತಿಯವನು ಅವನು, ಒಳ್ಳೆಯವನು.

ವಿಜಯಲಕ್ಷ್ಮಿ ಮಾತ್ರ ಮೆಹನಾಜಳನ್ನು ಕೇಳಿದ ಮೊದಲ ಪ್ರಶ್ನೆ ಪಗಾರದ್ದಲ್ಲ, ಮನೆಯದ್ದಲ್ಲ.

“ಅಲ್ಲಿ ಹೊಳಿ ಐತೇನ ಮೆಹನಾಜ?”

“ಹೊಳಿ? ಯವ್ವಾ, ಇಲ್ಲಿ ಕುಡಿಯೂ ನೀರ ಸೈತ ಸಮುದ್ರದ್ದ ಸೋಸಿ ಕೊಡ್ತಾರ. ಹೊಳಿ ಎಲ್ಲೀದು?”

ಅವಳಿಗೆ ಅಷ್ಟು ಸಾಕಾಗಿತ್ತು.

ಬಿ.ಎಡ್.ನ ಎರಡನೆಯ ವರ್ಷದ ಚಳಿಗಾಲದಲ್ಲಿ ಶಾಲೆಯ ಏಳನೆಯ ತರಗತಿಯನ್ನು ಕೃಷ್ಣಾ ದಂಡೆಯ ತಂಗಡಗಿಗೆ ಪ್ರವಾಸ ಕರೆದೊಯ್ದವಳು ಅವಳು. ಗುಡಿ ನೋಡುವುದು, ಬುತ್ತಿ ಉಣ್ಣುವುದು, ಸಂಜೆಗೆ ತಿರುಗಿ ಬರುವುದು. ಮುದ್ದೇಬಿಹಾಳ ತಾಲೂಕಿನ ಆ ಊರು ತಲುಪುವಷ್ಟರಲ್ಲಿ ಮಕ್ಕಳು ಹಾಡಿ ಹಾಡಿ ಗಂಟಲು ಹರಿದುಕೊಂಡಿದ್ದವು. ಹೊರಡುವ ಮೊದಲು ಅವಳು ಚೇರ್ಮನ್ ಬಸಂತರಾಯರ ಬಳಿ ಹೋಗಿ, ಇನ್ನೊಬ್ಬ ಟೀಚರನ್ನು ಜೊತೆಗೆ ಕೊಡಿ, ನದಿಯ ಊರು, ನನಗೆ ಈಜು ಬರುವುದಿಲ್ಲ ಎಂದು ಕೇಳಿದ್ದಳು. ಶಾಲೆಯ ವಾರ್ಷಿಕೋತ್ಸವ, ಅಂದರೆ ಗ್ಯಾದರಿಂಗಿನ ತಯಾರಿ ನಡೆದಿತ್ತು. ಉಳಿದವರೆಲ್ಲ ಡಾನ್ಸ್ ಕಲಿಸುವುದರಲ್ಲಿದ್ದರು. “ಹೊಳಿ ಏನ್ ಹುಡುಗೂರ್ನ ತಿಂತೈತೇನ್ರಿ ಟೀಚರ್ರ? ಹೋಗಿ ಬರ್ರಿ” ಎಂದರು ಬಸಂತರಾಯರು.

ಹೊಳೆ ತಿಂದಿತು. ಉಂಡ ಡಬ್ಬಿ ತೊಳೆಯಲು ಇಳಿದ ಇಬ್ಬರು ಹುಡುಗಿಯರು ಪಾಚಿಗಟ್ಟಿದ ಮೆಟ್ಟಿಲ ಮೇಲೆ ಜಾರಿದರು. ವಿಜಯಲಕ್ಷ್ಮಿ ಉಟ್ಟ ಸೀರೆಯಲ್ಲೇ ನೀರಿಗೆ ಹಾರಿ, ಒಬ್ಬಳನ್ನು ಮೆಟ್ಟಿಲಿಗೆ ದೂಡಿ, ಇನ್ನೊಬ್ಬಳ ಕೈ ಹಿಡಿದಳು. ಅವಳು ದಾನೇಶ್ವರಿ, ಕನ್ನೊಳ್ಳಿಯ ರುಕ್ಮವ್ವನ ಒಬ್ಬಳೇ ಮಗಳು. ಕೈ ಹಿಡಿದೇ ಇಬ್ಬರೂ ಮುಳುಗಿದರು. ಹುಡುಗಿ ನೀರೊಳಗಿಂದ ಎರಡು ಸಲ ಅವಳ ಕೈಯನ್ನು ಗಟ್ಟಿಯಾಗಿ ಒತ್ತಿದ್ದು ಅವಳಿಗೆ ಈಗಲೂ ಅಂಗೈಯಲ್ಲಿ ತಿಳಿಯುತ್ತದೆ. ತೆಪ್ಪದವರು ಬಂದು ಅವಳ ಜಡೆ ಹಿಡಿದು ಮೇಲೆತ್ತಿದಾಗ ಅಂಗೈ ಖಾಲಿಯಾಗಿತ್ತು.

ಆಮೇಲಿನದು ಬಸಂತರಾಯರ ಕೈಚಳಕ. ಪ್ರವಾಸ ಶಾಲೆಯದ್ದೇ ಅಲ್ಲ, ಕೆಲವು ಪಾಲಕರು ತಾವಾಗಿಯೇ ಮಕ್ಕಳನ್ನು ಗುಡಿಗೆ ಕರೆದೊಯ್ದಿದ್ದರು ಎಂದು ಎಲ್ಲ ಕಡೆ ಬರೆಸಿದರು. ಗಾಡಿ ಹೊಡೆದವನು ಪುಣೆಗೆ ಹೋದ. ಉಳಿದ ಮಕ್ಕಳ ಅಪ್ಪ ಅವ್ವಂದಿರು ಬಾಯಿಗೆ ಬೀಗ ಹಾಕಿಕೊಂಡರು. ಅವರ ಮಕ್ಕಳು ಇನ್ನೂ ಅದೇ ಶಾಲೆಯಲ್ಲಿ ಓದಬೇಕಿತ್ತು. ವಿಜಯಲಕ್ಷ್ಮಿಯನ್ನು ಯಾರೂ ಏನೂ ಕೇಳಲಿಲ್ಲ, ಕೇಳದಂತೆ ನೋಡಿಕೊಂಡರು. ಅವಳು ಕನ್ನೊಳ್ಳಿಗೆ ತಾನಾಗಿಯೇ ಹೋಗಿ ರುಕ್ಮವ್ವನ ಕಾಲು ಹಿಡಿದು ಎಲ್ಲವನ್ನೂ ಹೇಳಿ ಅತ್ತಳು. ಹೊಡೆಯಲಿ ಎಂದುಕೊಂಡೇ ಹೋಗಿದ್ದಳು.

ರುಕ್ಮವ್ವ ಹೊಡೆಯಲಿಲ್ಲ. ಬಹಳ ಹೊತ್ತಿನ ಮೇಲೆ ಒಂದೇ ಮಾತು ಕೇಳಿದಳು.

“ಕೈ ಹಿಡಿದಿದ್ದಿರಿ ಹೌದಲ್ರಿ ಅಕ್ಕೋರ? ಕಡೀತನಾ?”

“ಹಿಡಿದಿದ್ದೆ ಯವ್ವಾ. ಕಡೀತನಾ ಹಿಡಿದಿದ್ದೆ.”

“ಹಂಗಾರ ಆಕಿ ಅಂಜಿಲ್ಲ ತಗೋರಿ. ನೀವಂದ್ರ ಆಕಿಗಿ ಭಾಳ ಧೈರ್ಯಾ.”

ಅಂದಿನಿಂದ ಪ್ರತಿ ವರ್ಷ ಆ ದಿನ ರುಕ್ಮವ್ವ ಮಗಳಿಗೆ ಸೇರುತ್ತಿದ್ದ ಶೇಂಗಾ ಹೋಳಿಗೆ ಮಾಡಿ ಎಡೆ ಇಡುತ್ತಾಳೆ, ವಿಜಯಲಕ್ಷ್ಮಿ ಹೋಗಿ ಉಂಡು ಬರುತ್ತಾಳೆ. ಉಂಡಾದ ಮೇಲೆ ರುಕ್ಮವ್ವ ಅದೇ ಪ್ರಶ್ನೆ ಕೇಳುತ್ತಾಳೆ, ಇವಳು ಅದೇ ಉತ್ತರ ಕೊಡುತ್ತಾಳೆ. ಮುದ್ದೇಬಿಹಾಳದ ಕೋರ್ಟಿನಲ್ಲಿ ಶಾಲೆಯ ಮೇಲೆ ರುಕ್ಮವ್ವ ಹಾಕಿದ ಕೇಸಿಗೂ ಇವಳೇ ಆಧಾರ. ರುಕ್ಮವ್ವನಿಗೆ ಪರಿಹಾರದ ಆಸೆ ಇರಲಿಲ್ಲ. ನನ್ನ ಮಗಳನ್ನು ಸಾಲಿಯವರು ಕರೆದುಕೊಂಡು ಹೋದರು, ಸಾಲಿಯವರು ಕಳೆದರು, ಇಷ್ಟನ್ನು ಜಡ್ಜು ಬಾಯಿಬಿಟ್ಟು ಹೇಳಲಿ; ಇದು ಅವಳ ಹಟ. ಶಾಲೆಯ ಟೀಚರೇ ಜೊತೆಗಿದ್ದಳು ಎಂದಾದರೆ ಪ್ರವಾಸ ಶಾಲೆಯದ್ದಾಗುತ್ತದೆ. ಟೀಚರ್ ಇರಲಿಲ್ಲ ಎಂದಾದರೆ ಕೇಸೂ ಇಲ್ಲ.

ನೀವು ಕೇಳಬಹುದು, ಇಂಥ ಶಾಲೆಯಲ್ಲಿ ಇವಳು ಇಷ್ಟು ವರ್ಷ ಹೇಗೆ ಉಳಿದಳು ಎಂದು. ಬೇರೆ ಶಾಲೆಯವರು ಕರೆಯಲಿಲ್ಲ, ಅದಕ್ಕೆ ಉಳಿದಳು. ಮಗು ಮುಳುಗಿಸಿದ ಟೀಚರ್ ಎಂದು ಹೆಸರು ಬಿದ್ದಿತ್ತು. ಕಾಗದದಲ್ಲಿ ಯಾರೂ ಬರೆಯದಿದ್ದರೂ ಸಿಂದಗಿಯ ಬಾಯಿಗಳಲ್ಲಿ ಅದು ಇತ್ತು. ಏಳನೆಯ ತರಗತಿಯ ಕಿಟಕಿ ಪಕ್ಕದ ಬೆಂಚಿನ ಕಡೆ ನೋಡದೆ ಪಾಠ ಮಾಡುವುದನ್ನು ಅವಳು ಕಲಿತಿದ್ದಳು. ರಾತ್ರಿ ಬಚ್ಚಲಲ್ಲಿ ಹಂಡೆ ತುಂಬುವ ಸದ್ದಿಗೆ ಎದ್ದು ಕೂರುವುದನ್ನು ಮಾತ್ರ ಬಿಡಲಾಗಲಿಲ್ಲ. ಹೊಳೆ ಇಲ್ಲದ ಒಂದು ದೇಶ, ತನ್ನನ್ನು ಯಾರೂ ಅರಿಯದ ಒಂದು ತರಗತಿ; ಇನ್ನೇನೂ ಬೇಡವಾಗಿತ್ತು ಅವಳಿಗೆ. ಆ ದೇಶದ ಬಾಗಿಲಿಗೆ ಈಗ ಯುನೂಸನ ಪ್ರಶ್ನೆ ಅಡ್ಡ ನಿಂತಿತು.

ಮರುದಿನವೇ ಅವಳು ಬಾಗೇವಾಡಿಗೆ ಹೋದಳು. ಕಾಲೇಜಿನ ಪ್ರಿನ್ಸಿಪಾಲರು ಚಹಾ ತರಿಸಿದರು, ತಮ್ಮ ವಿದ್ಯಾರ್ಥಿನಿ ಪರದೇಶಕ್ಕೆ ಹೊರಟಿದ್ದಕ್ಕೆ ಹಿಗ್ಗಿದರು. ತರಗತಿಗಳು ಶನಿವಾರ, ರವಿವಾರ ಮಾತ್ರ ನಡೆಯುತ್ತಿದ್ದವು ಎಂದು ಒಂದು ಪತ್ರ ಕೊಡಿ ಎಂದು ಕೇಳಿದ ಕೂಡಲೇ ಹಿಗ್ಗು ಇಳಿಯಿತು.

“ತಂಗಿ, ಹಂಗ ಬರದ್ರ ನನ್ನ ಕಾಲೇಜಿನ ಮಾನ್ಯತಾನ ಹೋಗ್ತೈತಿ. ನಿನ್ನಂಥಾವ್ರು ಎಷ್ಟ್ ಮಂದಿ ಅದಾರ ಗೊತ್ತೇನು? ಎಲ್ಲಾರ ಸರ್ಟಿಫಿಕೇಟೂ ಅಡಿಕಿ ಕಟ್ಟಾಕ ಸೈತ ಬರೂದಿಲ್ಲ ಆಮ್ಯಾಲೆ.” ಅವರು ಕಪಾಟಿನಿಂದ ಹಳೆಯ ಹಾಜರಿ ಪುಸ್ತಕ ತೆಗೆಸಿ ಅವಳ ಮುಂದೆ ಹರಡಿದರು. “ನೋಡು, ನೀನು ಒಂದ ದಿನಾನೂ ತಪ್ಪಿಸಿಲ್ಲ. ಇಂಥಾ ಹಾಜರಿ ಯಾರದೂ ಇಲ್ಲ. ಇದು ಖರೇ ಐತಿ ಅನ್ನು. ಸಾಲಿಯವ್ರಿಗಿ ಹೇಳಿ ಅಲ್ಲಿದ್ದದ್ದು ತಗಸು.”

ಅವಳ ಬೆರಳು ತಾನಾಗಿ ಆ ಚಳಿಗಾಲದ ಪುಟಕ್ಕೆ ಹೋಯಿತು. ದಾನೇಶ್ವರಿ ಮುಳುಗಿದ ದಿನದ ಮನೆಯಲ್ಲೂ ನೀಲಿ ಶಾಯಿಯ ಗುರುತಿತ್ತು. ಪುಸ್ತಕದ ಪ್ರಕಾರ ಆ ದಿನ ಅವಳು ಇದೇ ಕಟ್ಟಡದಲ್ಲಿ ಕುಳಿತು ಮಕ್ಕಳ ಮನಃಶಾಸ್ತ್ರ ಕೇಳುತ್ತಿದ್ದಳು. ಅವಳು ಆ ಗುರುತನ್ನು ಬೆರಳಿನಿಂದ ಉಜ್ಜಿ ನೋಡಿದಳು, ಅಳಿಯಲಿಲ್ಲ. ಹೇಳಲು ನಾಚಿಕೆಯಾಗುವ ಒಂದು ತಂಪು ಒಳಗೆ ಹರಿಯಿತು. ಹಾಗೆಯೇ ಆಗಿದ್ದರೆ! ನಿಜವಾಗಿಯೂ ಅಂದು ಬಾಗೇವಾಡಿಯಲ್ಲೇ ಕುಳಿತಿದ್ದರೆ!

ಅಮಿತನಿಗೆ ಇದರಲ್ಲಿ ತಲೆಕೆಡಿಸಿಕೊಳ್ಳುವಂಥದ್ದು ಏನೂ ಕಾಣಲಿಲ್ಲ. “ಸಾಲಿ ಸರ್ಟಿಫಿಕೇಟ್ ಬದಲಿ ಮಾಡಸಿದ್ರ ಮುಗೀತಲ್ಲ. ಎರಡ ವರ್ಷಾ ಬಿಟ್ಟಿದ್ಲು, ಕಲ್ತು ಮತ್ತ ಬಂದ್ಲು ಅಂತ ಬರಸು. ಆಮ್ಯಾಲಿನ ವರ್ಷಗೋಳ ಅವರು ಕೇಳಿದ ಅನುಭವಕ್ಕ ಸಾಕ.”

“ರುಕ್ಮವ್ವನ ಕೇಸು?”

ಅವನು ಅಂಗಡಿಯ ಕೀಲಿ ಕೈಗೆ ತೆಗೆದುಕೊಂಡ. “ಆ ಕೇಸ್ ಮುಗಿಯೂದ್ರಾಗ ನಾವೂ ಇರೂದಿಲ್ಲ, ಆಕಿನೂ ಇರೂದಿಲ್ಲ ತಗೋ” ಎಂದು ಅಂಗಡಿಗೆ ಹೋದ.

ಕೊನೆಗೆ ಅವಳು ಬಸಂತರಾಯರ ಬಳಿ ಹೋದಳು. ಅವರು ಅವಳನ್ನು ಕೂರಿಸಿಕೊಂಡು ಮಾತಾಡಿದ್ದು ಅದೇ ಮೊದಲು. ಮೀಸೆ ನರೆತ, ಮೆತ್ತಗೆ ಮಾತಾಡುವ ಮನುಷ್ಯ. ಇಷ್ಟು ವರ್ಷ ಅವಳನ್ನು ನಿಲ್ಲಿಸಿಯೇ ಸಂಬಳ ಕೊಟ್ಟಿದ್ದರು. ಬೇಡಿಕೆ ಕೇಳಿ ಅವರು ಇಲ್ಲ ಅನ್ನಲಿಲ್ಲ. ಇಲ್ಲ ಎಂದಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಆಗಲೇ ಅನಿಸಿತು.

“ನಮ್ಮ ಸಾಲಿ ಟೀಚರ್ ದುಬೈಕ ಹೊಂಟ್ರ ನಮಗೂ ಹೆಸರಲ್ರಿ. ಬರದು ಕೊಡ್ತೇನಿ. ಎರಡ ವರ್ಷಾ ಬಿಟ್ಟು ಹೋಗಿದ್ರಿ ಅಂತ. ಹಳೀ ಹಾಜರಿ ಮಸ್ಟರಾನೂ ಸರಿ ಮಾಡಸ್ತೇನಿ.” ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಒಂದ ಮಾತು. ನೀವೂ ಒಂದ ಕಾಗದಾ ಬರದು ಕೊಡ್ರಿ. ಆ ಎರಡ ವರ್ಷಾ ನಾನು ಈ ಸಂಸ್ಥಾದಾಗ ಕೆಲಸಾ ಮಾಡಿಲ್ಲ, ಇವರ ಯಾವ ಕಾರ್ಯಕ್ರಮಕ್ಕೂ ಹೋಗಿಲ್ಲ ಅಂತ. ನಾಳೆ ಫೋನ್ ಬಂದ್ರ ನಾವಿಬ್ರೂ ಒಂದ ಮಾತು ಹೇಳಬೇಕಲ್ರಿ.”

“ಅದು… ಕೋರ್ಟಿನಾಗ…”

“ಕೋರ್ಟಿನ ಮಾತು ಯಾಕ್ರಿ ಇಲ್ಲಿ? ನಿಮ್ಮ ಕಾಗದಾ ನನ್ನ ಕಪಾಟಿನಾಗ ಇರ್ತೈತಿ. ನಾ ಏನ್ ಬೀದ್ಯಾಗ ಹಿಡಕೊಂಡು ತಿರಗ್ತೇನೇನು?”

ಅವಳು ಹೆಡ್ಡಳಲ್ಲ. ಆ ಕಾಗದ ಎಲ್ಲಿಗೆ ಹೋಗುತ್ತದೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ, ಕೇಸಿನ ತಾರೀಕು ಬರುವ ಮೊದಲೇ ತಾನು ಹೋಗಿರುತ್ತೇನೆ, ಆಮೇಲೆ ಯಾರು ಯಾವ ಕಾಗದ ತೋರಿಸಿದರೂ ತಾನು ನೋಡಬೇಕಾಗಿಲ್ಲ ಎಂದು ಲೆಕ್ಕ ಹಾಕಿದಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದೆಂದರೆ ಇದೇ. ಇಂಗ್ಲಿಷಿನಲ್ಲೇ ಬರೆದಳು, ಒಂದು ತಪ್ಪಿಲ್ಲದೆ. ಸಹಿಯನ್ನೂ ದುಂಡಗೆ ಮಾಡಿದಳು. ಆ ದುಂಡನೆಯ ಸಹಿಯೇ ಆಮೇಲೆ ಅವಳನ್ನು ಸುಟ್ಟಿತು.

ಆ ವರ್ಷದ ಎಡೆಯ ದಿನ ಕನ್ನೊಳ್ಳಿಗೆ ಹೋಗಬಾರದು ಎಂದುಕೊಂಡಿದ್ದಳು. ಬೆಳಿಗ್ಗೆಯೇ ರುಕ್ಮವ್ವನ ಫೋನು ಬಂತು. ಮಗಳು ಕಲಿಸಿ ಹೋದ ಒಂದೇ ಇಂಗ್ಲಿಷ್ ಮಾತನ್ನು ಅವಳು ಯಾವ ಹೊತ್ತಿಗೂ ಬಳಸುತ್ತಾಳೆ: “ಗುಡ್ ಮಾರ್ನಿಂಗ್ರಿ ಅಕ್ಕೋರ! ಹಿಟ್ಟು ನಾದಿ ಇಟ್ಟೇನಿ, ಬರ್ರಿ.” ಹೋಗದೆ ಏನು ಮಾಡುವುದು? ಹೋದಳು. ರುಕ್ಮವ್ವ ಎಡೆ ಇಟ್ಟು ಹೋಳಿಗೆ ಬಡಿಸಿದಳು.

“ದುಬೈಕ ಹೊಂಟೀರಂತಲ್ರಿ? ಅಮಿತಪ್ಪ ಬಸ್‌ಸ್ಟ್ಯಾಂಡಿನ್ಯಾಗ ಹೇಳಿದ.”

“ಇನ್ನಾ ಗಟ್ಟಿ ಆಗಿಲ್ಲವ್ವಾ. ಲೈಸೆನ್ಸ್ ಬರಬೇಕು.”

“ಬರ್ತೈತಿ ತಗೋರಿ. ನಿಮಗ ಬರದ ಯಾರಿಗಿ ಬರ್ತೈತಿ? ನನ್ನ ಮಗಳು ಅಂತಿದ್ಲು, ಯವ್ವಾ, ನಮ್ಮ ಮಿಸ್ ಮಾತಾಡಿದ್ರ ಟಿ.ವ್ಯಾಗ ಮಾತಾಡಿದಂಗ ಇರ್ತೈತಿ ಅಂತ.” ರುಕ್ಮವ್ವ ಅವಳ ತಟ್ಟೆಗೆ ತುಪ್ಪ ಸುರಿದಳು. “ಹೋಗೂಕಿಂತ ಮೊದಲ ಕೋರ್ಟಿನಾಗ ಒಂದ ಮಾತು ಹೇಳಿ ಹೋಗ್ರಿ. ಅಷ್ಟ ನನಗ.”

ಈಗ ಹೇಳಿಬಿಡು, ಈಗ ಹೇಳಿಬಿಡು ಎಂದು ಎದೆ ಬಡಿದುಕೊಂಡಿತು. ನಾನು ಬರೆದುಕೊಟ್ಟಿದ್ದೇನೆ, ನನ್ನನ್ನು ನಂಬಬೇಡ ಎಂದು ಹೇಳಬೇಕಿತ್ತು. ಎದುರಿಗೆ ಎಡೆಯ ತಟ್ಟೆ, ಅದರ ಹಿಂದೆ ಎರಡು ಜಡೆ ಹಾಕಿಕೊಂಡ ಹುಡುಗಿಯ ಫೋಟೊ. ಅವಳು “ಆಯ್ತವ್ವಾ” ಎಂದಳು. ಉಂಡಾದ ಮೇಲೆ ಪ್ರತಿ ವರ್ಷದ ಪ್ರಶ್ನೆ ಬಂತು, ಪ್ರತಿ ವರ್ಷದ ಉತ್ತರ ಕೊಟ್ಟಳು.

ಹೊಸ ಕಾಗದಗಳು ಯುನೂಸನ ಕೈಯಿಂದ ಹೊರಟು ಊರೂರು ತಿರುಗಿ ಠಸ್ಸೆ ಹೊತ್ತು ಬಂದವು. ಅರಬರ ದೇಶದಿಂದ ಫೋನೂ ಬಂತಂತೆ. ಬಾಗೇವಾಡಿಯಲ್ಲೂ ಸಿಂದಗಿಯಲ್ಲೂ ಒಂದೇ ಉತ್ತರ ಸಿಕ್ಕಿತಂತೆ. ಬೇಸಿಗೆ ಮುಗಿಯುವ ಹೊತ್ತಿಗೆ ಅವಳ ಮೊಬೈಲಿನಲ್ಲಿ ಲೈಸೆನ್ಸು ಬಂದು ಕೂತಿತು. ಅವಳ ಫೋಟೊ, ಅವಳ ಹೆಸರು, ಕೆಳಗೆ ಇಂಗ್ಲಿಷ್ ಶಿಕ್ಷಕಿ ಎಂಬ ಬರಹ. ಅಮಿತ ಪೇಢೆ ಹಂಚಿದ. ಮೆಹನಾಜ ಫೋನಿನಲ್ಲಿ ಮುಬಾರಕ್ ಮುಬಾರಕ್ ಎಂದು ಕುಣಿದಳು. ಅದೇ ವಾರ ಕೋರ್ಟಿನ ಸಮನ್ಸೂ ಬಂತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ಇಬ್ಬರೂ ಸೇರಿ ಒಂದೇ ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕತ್ತು ಹಿಡಿದರು. ವಿಮಾನದ ತಾರೀಕಿಗಿಂತ ಮೊದಲೇ ಇತ್ತು ಮುದ್ದೇಬಿಹಾಳದ ತಾರೀಕು.

“ನಾ ಹೋಗೂದಿಲ್ಲ” ಎಂದಳು ವಿಜಯಲಕ್ಷ್ಮಿ.

“ಹೋಗದಿದ್ರ ವಾರಂಟ್ ಬರ್ತೈತಿ. ವಾರಂಟ್ ಬಂದ್ರ ಪೊಲೀಸ್ರು ಕೊಟ್ಟ ಪತ್ರಾ ಕೆಡ್ತೈತಿ, ವೀಸಾನೂ ಕೆಡ್ತೈತಿ” ಎಂದ ಅಮಿತ. ತಹಸೀಲ್ ಕಚೇರಿ ಎದುರು ಕೂತು ಕೂತು ಅವನಿಗೆ ಅಷ್ಟು ಕಾಯದೆ ಬರುತ್ತಿತ್ತು. “ಹೋಗಿ ಏನರ ಒಂದ ಹೇಳಿ ಬಾ.”

ರುಕ್ಮವ್ವ ಮೊದಲ ಬಸ್ಸಿಗೇ ಬಂದು ಕೋರ್ಟಿನ ಬೇವಿನ ಮರದ ಕೆಳಗೆ ಕುಳಿತಿದ್ದಳು. ಇಳಕಲ್ ಸೀರೆಯುಟ್ಟು, ತೊಡೆಯ ಮೇಲೆ ಬಿಳಿ ವಸ್ತ್ರದ ಬುತ್ತಿಗಂಟು ಇಟ್ಟುಕೊಂಡು. “ನಿಮಗೂ ರೊಟ್ಟಿ ಕಟಗೊಂಡು ಬಂದೇನಿ. ಹೇಳೂದು ಮುಗಿಸಿ ಬರ್ರಿ, ಕೂಡಿ ಉಣ್ಣೂಣು” ಎಂದಳು.

ರುಕ್ಮವ್ವನ ವಕೀಲರು ಕೇಳಿದಾಗ ವಿಜಯಲಕ್ಷ್ಮಿ ಬಾಯಿ ತೆರೆದಳು. ನಿಜ ಹೇಳಬೇಕೆಂದೇ ಕಟಕಟೆ ಹತ್ತಿದ್ದಳು, ಅಷ್ಟು ಮಾತ್ರ ಅವಳ ಪರವಾಗಿ ನಾವು ಹೇಳಬೇಕು. ತಾನು ಶಾಲೆಯ ಟೀಚರ್, ಹನ್ನೆರಡು ವರ್ಷದಿಂದ ಅಲ್ಲಿ ಕಲಿಸುತ್ತಿದ್ದೇನೆ ಎಂಬವರೆಗೆ ಹೇಳಿದಳು. ಆ ದಿನ ಎಲ್ಲಿದ್ದಿರಿ ಎಂಬ ಪ್ರಶ್ನೆಗೆ ಉತ್ತರಿಸುವ ಮೊದಲೇ ಶಾಲೆಯ ವಕೀಲರು ಎದ್ದು, ಬೇಡಿಕೊಂಡವರ ಹಾಗೆ ನಯವಾಗಿ, ಒಂದು ಕಾಗದ ತೋರಿಸಲು ಅಪ್ಪಣೆ ಕೇಳಿದರು. ಅದು ಕಪಾಟಿನಲ್ಲಿ ಇರಬೇಕಾದ ಕಾಗದ.

“ಈ ಸಹಿ ನಿಮ್ಮದೇನ್ರಿ?”

“ಹೌದ್ರಿ.”

“ಒತ್ತಾಯ ಮಾಡಿ ಯಾರರ ಬರಸ್ಕೊಂಡ್ರೇನು?”

“ಇಲ್ರಿ.”

ಅವರು ಬಾಗೇವಾಡಿಯ ಹಾಜರಿ ಪುಸ್ತಕದ ಪ್ರತಿಯನ್ನೂ ಮುಂದೆ ಇಟ್ಟರು. ಅಮಿತನ ಅಂಗಡಿಯಲ್ಲೇ ತೆಗೆಸಿದ್ದರೋ ಏನೋ, ಅಷ್ಟು ಸ್ವಚ್ಛವಾಗಿತ್ತು. “ಆ ದಿವಸ ಬಿ.ಎಡ್. ಕಾಲೇಜಿನಾಗ ನಿಮ್ಮ ಹಾಜರಿ ಐತಿ. ಇದು ಸುಳ್ಳಂದ್ರ ನಿಮ್ಮ ಬಿ.ಎಡ್. ಸುಳ್ಳು, ಅದರ ಮ್ಯಾಲೆ ತಗೊಂಡ ಪರದೇಶದ ಲೈಸೆನ್ಸೂ ಸುಳ್ಳು. ಇದು ಖರೇ ಅಂದ್ರ ನೀವು ತಂಗಡಗ್ಯಾಗ ಇರಲಿಲ್ಲ. ಒಬ್ಬ ಮನಷ್ಯಾ ಒಂದ ದಿನ ಎರಡ ಊರಾಗ ಇರಾಕ ಬರೂದಿಲ್ರಿ ಟೀಚರ್ರ. ಯಾವ ಊರಾಗಿದ್ರಿ, ಹೇಳ್ರಿ.”

ಕೋರ್ಟಿನ ಪಂಖ ಗರಗರ ತಿರುಗುತ್ತಿತ್ತು. ಹಿಂದಿನ ಬೆಂಚಿನಲ್ಲಿ ರುಕ್ಮವ್ವ ಮುಂದಕ್ಕೆ ಬಾಗಿ, ಮಗಳ ಪರೀಕ್ಷೆಯ ಉತ್ತರ ಕೇಳುವವಳಂತೆ ಕಿವಿಗೊಟ್ಟು ಕುಳಿತಿದ್ದಳು. ವಿಜಯಲಕ್ಷ್ಮಿಗೆ ಅಂಗೈಯಲ್ಲಿ ಆ ಎರಡು ಒತ್ತು ತಿಳಿದವು. ಅವಳು ಮುಷ್ಟಿ ಮುಚ್ಚಿದಳು.

“ಬಾಗೇವಾಡ್ಯಾಗ ಇದ್ದೆ ರೀ” ಎಂದಳು.

ಅಷ್ಟೇ. ಮುಗಿದುಹೋಯಿತು. ಗುಮಾಸ್ತ ಬರೆದುಕೊಂಡ, ಅವಳು ಸಹಿ ಮಾಡಿದಳು, ಇಳಿದಳು. ರುಕ್ಮವ್ವನ ವಕೀಲರು ಅವಳ ಮುಖ ನೋಡಲಿಲ್ಲ. ಬಸಂತರಾಯರು ಹೊರಗೆ ಚಹಾದ ಅಂಗಡಿಯ ಬಳಿ ನಿಂತಿದ್ದರು. ಅವಳನ್ನು ಕಂಡು ಬಹಳ ಮರ್ಯಾದೆಯಿಂದ ಕೈ ಮುಗಿದರು. ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಮುಖ ತಪ್ಪಿಸಿ ಬಸ್‌ಸ್ಟ್ಯಾಂಡಿನ ಕಡೆ ನಡೆದವಳ ಹಿಂದೆ ರುಕ್ಮವ್ವ ಬಂದಳು. ಬೈಯುತ್ತಾಳೆ, ಮಣ್ಣು ತೂರುತ್ತಾಳೆ, ಶಾಪ ಹಾಕುತ್ತಾಳೆ ಎಂದು ವಿಜಯಲಕ್ಷ್ಮಿ ನಿಂತಳು. ಹಾಗೇ ಆಗಲಿ ಎಂದೂ ಬಯಸಿದಳು. ಏನೂ ಆಗಲಿಲ್ಲ. ರುಕ್ಮವ್ವನ ಮುಖದಲ್ಲಿ ಸಿಟ್ಟಿರಲಿಲ್ಲ, ಗಲಿಬಿಲಿ ಇತ್ತು. ಕಾಗದ, ಹಾಜರಿ, ಕಾಲೇಜು ಇದ್ಯಾವುದೂ ಅವಳಿಗೆ ತಿಳಿದಿರಲಿಲ್ಲ. ದೇವರ ಮೇಲೆ ಆಣೆಯಿಟ್ಟು ಅಕ್ಕೋರು ಹೇಳಿದ್ದು ಮಾತ್ರ ತಿಳಿದಿತ್ತು. ಆಣೆಯಿಟ್ಟು ಹೇಳಿದ ಮೇಲೆ ಅದು ಖರೇ ಇರಬೇಕು. ಅಕ್ಕೋರು ಸುಳ್ಳು ಹೇಳುವವರಲ್ಲ.

“ನೀವ ಅಲ್ಲಿ ಇರಲೇ ಇಲ್ಲೇನ್ರಿ ಅಕ್ಕೋರ?”

ವಿಜಯಲಕ್ಷ್ಮಿ ಕೈಚೀಲವನ್ನು ಎದೆಗೆ ಅವುಚಿಕೊಂಡಳು.

“ನನ್ನ ಸಮಾಧಾನಕ್ಕ ಹಂಗ ಹೇಳಿದ್ರೇನು, ಕೈ ಹಿಡಿದಿದ್ದೆ ಅಂತ? ಇಷ್ಟ ವರ್ಷಾ?” ರುಕ್ಮವ್ವನ ದನಿ ಬಹಳ ಸಣ್ಣದಾಯಿತು. “ಹಂಗಾರ ನನ್ನ ಮಗಳು ನೀರಾಗ ಒಬ್ಬಾಕಿನ ಇದ್ಲೇನ್ರಿ?”

ಇಲ್ಲಿ ಕಟಕಟೆ ಇರಲಿಲ್ಲ, ವಕೀಲರಿರಲಿಲ್ಲ. ಒಂದು ಮಾತು ಸಾಕಾಗಿತ್ತು. ಆದರೆ ಚಹಾದ ಅಂಗಡಿಯಿಂದ ಬಸಂತರಾಯರು ಇತ್ತಲೇ ನೋಡುತ್ತಿದ್ದರು, ಮತ್ತು ಚೀಲದಲ್ಲಿ ಮೊಬೈಲಿತ್ತು, ಮೊಬೈಲಿನಲ್ಲಿ ಲೈಸೆನ್ಸಿತ್ತು.

“ನನಗ ಗೊತ್ತಿಲ್ಲವ್ವಾ” ಎಂದಳು ವಿಜಯಲಕ್ಷ್ಮಿ. “ನಾ ಅಲ್ಲಿ ಇರಲಿಲ್ಲ.”

ರುಕ್ಮವ್ವ ತಲೆಯಾಡಿಸಿದಳು. ಬುತ್ತಿಗಂಟನ್ನು ಬಿಚ್ಚಿ ಅರ್ಧದಷ್ಟು ರೊಟ್ಟಿಗಳನ್ನು ಎಲೆಯಲ್ಲಿ ಸುತ್ತಿ ಇವಳ ಕೈಗೆ ಕೊಟ್ಟು, ದೂರದ ದಾರಿ, ಉಂಡು ಹೋಗ್ರಿ ಎಂದಳು. ಆಮೇಲೆ ಸಿಂದಗಿಯ ಬಸ್ಸಿನ ಕಡೆ ಹೋಗದೆ, ತಂಗಡಗಿಗೆ ಹೋಗುವ ಬಸ್ಸು ಎಲ್ಲಿ ನಿಲ್ಲುತ್ತದೆಂದು ಯಾರನ್ನೋ ಕೇಳಿಕೊಂಡು ಆ ಕಡೆ ನಡೆದಳು.